ನಾಳೆ ಯಾವ ಬಣ್ಣದ ಬಟ್ಟೆ ಹಾಕಲಿ?

ಯೌವನಸ್ಥರ ಕೂಟದ ಸಂದೇಶ, ಅಫಜಲಪುರ
ಓದುವ ಭಾಗಗಳು: 1 ಸಮುವೇಲ 16:7, ಯಾಕೋಬ 2:1–4, ಅಪೊಸ್ತಲರ ಕೃತ್ಯಗಳು 9:36–39

ಬೆಂಗಳೂರು, ಪುಣೆ, ಹೈದರಾಬಾದ್ ಕಡೆಯಿಂದ ರಜೆಗೆ ಊರಿಗೆ ಬಂದಿರುವ ಮಕ್ಕಳು ಇಲ್ಲಿ ಕೂತಿದ್ದೀರಿ. ಬರಲಿಕ್ಕೆ ಆಗದವರು ಮೊಬೈಲಿನಲ್ಲಿ ಕೇಳುತ್ತಿದ್ದೀರಿ. ಕರ್ತನು ಎಲ್ಲರನ್ನೂ ಆಶೀರ್ವದಿಸಲಿ. ಆಮೆನ್.

ಇವತ್ತಿನ ವಿಷಯ ಬಟ್ಟೆಯ ಬಣ್ಣ. ನಗಬ್ಯಾಡ್ರಿ. ಪಾಸ್ಟರ್ ಏನ್ರಿ, ದೇವರ ವಾಕ್ಯ ಬಿಟ್ಟು ಬಟ್ಟೆ ಅಂಗಡಿ ಮಾತು ಶುರು ಮಾಡಿದ್ರಲ್ಲ ಅಂತ ಯಾರಿಗಾದರೂ ಅನ್ನಿಸಬಹುದು. ಆದರೆ ಯೌವನಸ್ಥರು ನನಗೆ ಫೋನ್ ಮಾಡಿ ಕೇಳುವ ಪ್ರಶ್ನೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಒಬ್ಬ ತಮ್ಮ ಕೇಳಿದ: ನನ್ನ ಹತ್ತಿರ ಇರೋ ಶರ್ಟ್‌ಗಳಲ್ಲಿ ಅರ್ಧ ಕಪ್ಪು, ಮನೆಯಲ್ಲಿ ಬೈತಾರೆ, ಅದು ಪಾಪಾನಾ? ಒಬ್ಬ ತಂಗಿ ಕೇಳಿದಳು: ನವರಾತ್ರಿಗೆ ಆಫೀಸಿನ ಗುಂಪಿನಲ್ಲಿ ದಿನಕ್ಕೊಂದು ಬಣ್ಣದ ಪಟ್ಟಿ ಹಾಕ್ತಾರೆ, ನಾನು ಏನು ಮಾಡಲಿ? ಇನ್ನೊಬ್ಬಳು ಕೇಳಿದಳು: ಭಾನುವಾರ ಬಿಳಿ ಸೀರೆ ಉಡದಿದ್ದರೆ ಆರಾಧನೆ ಒಪ್ಪಿಗೆ ಆಗೋದಿಲ್ವಾ? ಮತ್ತೊಬ್ಬ ಹುಡುಗ ಬಹಳ ಮೆಲ್ಲಗೆ ಕೇಳಿದ: ಪಾಸ್ಟರ್, ನಮ್ಮಪ್ಪ ತೀರಿಕೊಂಡು ಮೂರು ವರ್ಷ ಆಯ್ತು, ನನ್ನ ಮೊದಲ ಸಂಬಳದಲ್ಲಿ ಅವ್ವಗ ಸೀರೆ ತರಬೇಕು, ಯಾವ ಬಣ್ಣ ತರಲಿ?

ಆ ಕೊನೆಯ ಪ್ರಶ್ನೆ ನನ್ನನ್ನು ಮೊಣಕಾಲೂರಿಸಿತು. ಅದಕ್ಕೆ ಉತ್ತರ ಕೊಡಬೇಕಾದರೆ ಮೊದಲಿನ ಮೂರಕ್ಕೂ ಉತ್ತರ ಬೇಕು. ಒಂದೊಂದಾಗಿ ನೋಡೋಣ. ಬೈಬಲ್ ತೆಗೀರಿ.

1. ಬಣ್ಣದಲ್ಲಿ ಶಾಪವೂ ಇಲ್ಲ, ಆಶೀರ್ವಾದವೂ ಇಲ್ಲ

ಕೆಂಪು ಬಣ್ಣದಿಂದ ಶುರು ಮಾಡ್ತೀನಿ. ಯೆಶಾಯ 1:18ರಲ್ಲಿ ಪಾಪಕ್ಕೆ ಕೊಟ್ಟಿರುವ ಬಣ್ಣ ಯಾವುದು? ಕಡುಗೆಂಪು. ಪ್ರಕಟನೆ 17:4ರಲ್ಲಿ ಆ ದುಷ್ಟ ಸ್ತ್ರೀ ತೊಟ್ಟಿದ್ದರಲ್ಲಿಯೂ ಕಡುಗೆಂಪು ಇದೆ. ಇಷ್ಟೇ ಓದಿದವರು ಏನಂತಾರೆ? ವಿಶ್ವಾಸಿಗಳು ಕೆಂಪು ಹಾಕಬಾರದು ಅಂತಾರೆ. ಆದರೆ ಯೆಹೋಶುವ 2:18ಕ್ಕೆ ಬರ್ರಿ. ಯೆರಿಕೋವಿನಲ್ಲಿ ರಾಹಾಬಳ ಮನೆಯನ್ನು ಉಳಿಸಿದ್ದು ಕಿಟಕಿಗೆ ಕಟ್ಟಿದ ಕೆಂಪು ದಾರ. ಜ್ಞಾನೋಕ್ತಿ 31:21ರಲ್ಲಿ ಗುಣವತಿಯಾದ ಹೆಂಡತಿ ಚಳಿಗಾಲಕ್ಕೆ ತನ್ನ ಮನೆಯವರಿಗೆಲ್ಲ ಕೆಂಪು ಬಟ್ಟೆ ಸಿದ್ಧ ಮಾಡಿ ಇಟ್ಟಿದ್ದಾಳೆ. ಅದೇ ಕೆಂಪು, ಒಂದು ಕಡೆ ಪಾಪದ ಗುರುತು, ಇನ್ನೊಂದು ಕಡೆ ರಕ್ಷಣೆಯ ಗುರುತು, ಮತ್ತೊಂದು ಕಡೆ ತಾಯಿಯ ಕಾಳಜಿಯ ಗುರುತು.

ಇನ್ನು ಬಿಳಿ. ಪ್ರಕಟನೆ 7ರಲ್ಲಿ ರಕ್ಷಣೆ ಹೊಂದಿದವರು ಬಿಳಿ ನಿಲುವಂಗಿ ತೊಟ್ಟಿದ್ದಾರೆ, ಹಲ್ಲೆಲೂಯ. ಆದರೆ ಮತ್ತಾಯ 23:27ರಲ್ಲಿ ಕರ್ತನು ಫರಿಸಾಯರನ್ನು ಯಾವುದಕ್ಕೆ ಹೋಲಿಸಿದನು? ಸುಣ್ಣ ಬಳಿದ ಸಮಾಧಿಗೆ. ಹೊರಗೆ ಬೆಳ್ಳಗೆ, ಒಳಗೆ ಎಲುಬು. 2 ಅರಸುಗಳು 5ನೇ ಅಧ್ಯಾಯದಲ್ಲಿ ಎಲೀಷನ ಸೇವಕ ಗೇಹಜಿ ಇದ್ದಾನೆ. ಅವನು ನಾಮಾನನ ರಥದ ಹಿಂದೆ ಓಡಿದ್ದು ಬೆಳ್ಳಿಗೆ ಮತ್ತು ಎರಡು ಜೊತೆ ಬಟ್ಟೆಗೆ. ಸುಳ್ಳು ಹೇಳಿ ಬಟ್ಟೆ ತಂದ. ಸಂಜೆಯೊಳಗೆ ಅವನ ಮೈಯೇ ಕುಷ್ಠದಿಂದ ಹಿಮದಂತೆ ಬೆಳ್ಳಗಾಯಿತು. ಬಟ್ಟೆಯ ಆಸೆಗೆ ಬಿದ್ದವನು ತಲೆಯಿಂದ ಕಾಲಿನವರೆಗೆ ಬಿಳಿಯಾದ. ಆ ಬಿಳಿ ಪರಿಶುದ್ಧತೆಯ ಬಿಳಿ ಏನ್ರಿ?

ಕಪ್ಪು? ಪರಮಗೀತ 5:11ರಲ್ಲಿ ಪ್ರಿಯನ ಕೂದಲು ಕಾಗೆಯ ಕಪ್ಪು. ಅದನ್ನು ಹೊಗಳಿಕೆಯಾಗಿ ಹೇಳಿದ್ದಾರೆ. ಆದ್ದರಿಂದ ಕಪ್ಪು ಶರ್ಟಿನ ತಮ್ಮಾ, ನಿನ್ನ ಶರ್ಟ್ ಪಾಪವಲ್ಲ. ಅವ್ವ ಬೈಯೋದು ತೊಳೆಯದೇ ಮೂರು ದಿನ ಹಾಕ್ತೀಯ ಅಂತ ಇರಬಹುದು, ಅದನ್ನು ಬೇರೆ ವಿಚಾರ ಮಾಡು.

ನಮ್ಮ ನೆಲದಲ್ಲೇ ನೋಡ್ರಿ. ಸಂಕ್ರಾಂತಿ ದಿನ ಗಡಿ ದಾಟಿ ಅಕ್ಕಲಕೋಟ, ಸೊಲ್ಲಾಪುರ ಕಡೆ ಹೋದರೆ ಮರಾಠಿ ಮನೆಗಳಲ್ಲಿ ಹೆಣ್ಣುಮಕ್ಕಳು ಕಪ್ಪು ಸೀರೆ ಉಟ್ಟು ಹಬ್ಬ ಮಾಡ್ತಾರೆ. ಚಳಿಯಲ್ಲಿ ಕಪ್ಪು ಬೆಚ್ಚಗಿರುತ್ತದೆ ಅಂತ ಕಾರಣ ಹೇಳ್ತಾರೆ. ಈಚೆ ಕಡೆ ನಮ್ಮಲ್ಲಿ ಮದುವೆ ಮನೆಗೆ ಕಪ್ಪು ಸೀರೆ ಉಟ್ಟು ಹೋದರೆ ಹಿರಿಯರು ಮುಖ ತಿರುಗಿಸ್ತಾರೆ. ನಡುವೆ ಇರೋದು ಒಂದು ಗಡಿ ಅಷ್ಟೇ. ಕಪ್ಪು ಬಣ್ಣಕ್ಕೆ ತನ್ನದೇ ಒಂದು ಅಪಶಕುನ ಇದ್ದಿದ್ದರೆ ಅದು ಗಡಿ ನೋಡಿ ನಿಲ್ಲುತ್ತಿತ್ತಾ?

ಇನ್ನೊಂದು ಹೇಳ್ತೀನಿ, ಸ್ವಲ್ಪ ನೋವಿನ ಮಾತು. ವಿಧವೆಯ ಬಣ್ಣ ಬಿಳಿ ಅಂತ ಸಿನಿಮಾ ನೋಡಿ ನಮಗೆಲ್ಲ ಗೊತ್ತು. ಆದರೆ ನಮ್ಮ ಕರ್ನಾಟಕದಲ್ಲಿ, ಮಹಾರಾಷ್ಟ್ರದಲ್ಲಿ, ಹಿಂದಿನ ಕಾಲದ ಬ್ರಾಹ್ಮಣ ಮನೆಗಳಲ್ಲಿ ಗಂಡ ಸತ್ತ ಹೆಣ್ಣಿನ ತಲೆ ಬೋಳಿಸಿ ಉಡಿಸುತ್ತಿದ್ದದ್ದು ಕೆಂಪು ಸೀರೆ. ಮದುಮಗಳಿಗೂ ಕೆಂಪು, ಆ ತಾಯಿಗೂ ಕೆಂಪು. ಉತ್ತರದ ಕಡೆ ಅದೇ ದುಃಖಕ್ಕೆ ಬಿಳಿ. ಪಶ್ಚಿಮದ ದೇಶಗಳಲ್ಲಿ ಬಿಳಿ ಮದುಮಗಳ ಬಣ್ಣ, ದುಃಖಕ್ಕೆ ಕಪ್ಪು. ಹಾಗಾದರೆ ದುಃಖ ಬಣ್ಣದಲ್ಲಿದೆಯಾ? ಇಲ್ಲ ಪ್ರಿಯರೇ. ಮನುಷ್ಯರು ಒಂದು ಹೆಣ್ಣಿನ ಮೇಲೆ ಹೊರಿಸಿದ ಭಾರಕ್ಕೆ ಒಂದೊಂದು ಊರು ಒಂದೊಂದು ಬಣ್ಣ ಬಳಿದಿತ್ತು.

ಸೋಮವಾರ ಬಿಳಿ, ಮಂಗಳವಾರ ಕೆಂಪು, ಬುಧವಾರ ಹಸಿರು, ಗುರುವಾರ ಹಳದಿ, ಶನಿವಾರ ಕಪ್ಪು ಅಂತ ಗ್ರಹ ನೋಡಿ ಬಣ್ಣ ಹೇಳೋರಿದ್ದಾರೆ. ಇಂಟರ್‌ವ್ಯೂಗೆ ಲಕ್ಕಿ ಕಲರ್ ಅಂತ ಮೊಬೈಲಿನಲ್ಲಿ ಹುಡುಕೋರೂ ಇದ್ದಾರೆ. ಅಂಥ ನಂಬಿಕೆಯಲ್ಲಿ ಬೆಳೆದ ನೆರೆಹೊರೆಯವರನ್ನು ನಾವು ಹಂಗಿಸಬಾರದು. ಆದರೆ ನೀನು ಕ್ರಿಸ್ತನ ಮಗಳು, ಕ್ರಿಸ್ತನ ಮಗ. ಗಲಾತ್ಯ 4:9–10ರಲ್ಲಿ ಪೌಲನು ದಿನ ತಿಂಗಳು ಲೆಕ್ಕ ಹಾಕಿ ಹೆದರುವ ಬದುಕಿಗೆ ಮತ್ತೆ ಯಾಕೆ ಹೋಗ್ತೀರಿ ಎಂದು ಸಭೆಯನ್ನು ಕೇಳುತ್ತಾನೆ. ಇಂಟರ್‌ವ್ಯೂಗೆ ಒಗೆದು ಇಸ್ತ್ರಿ ಮಾಡಿದ ಶರ್ಟ್ ಹಾಕು, ಪ್ರಾರ್ಥನೆ ಮಾಡು, ಓದಿದ್ದನ್ನು ಸರಿಯಾಗಿ ಹೇಳು. ಬಣ್ಣಕ್ಕೆ ನಿನ್ನ ಕೆಲಸ ಕೊಡಿಸುವ ಶಕ್ತಿ ಇಲ್ಲ, ಕಸಿಯುವ ಶಕ್ತಿಯೂ ಇಲ್ಲ. ದೇವರಿಗೆ ಸ್ತೋತ್ರ!

2. ಆದರೂ ಬಣ್ಣ ಮಾತಾಡ್ತದ

ಹಾಗಾದರೆ ಯಾವ ಬಣ್ಣ ಹಾಕಿದರೂ ಒಂದೇ, ಮುಗೀತು, ಮನೆಗೆ ಹೋಗೋಣ ಅಂತೀರಾ? ತಡೀರಿ. 1 ಸಮುವೇಲ 16:7 ಓದಿದಿರಿ. ಮನುಷ್ಯನು ನೋಡೋದು ಹೊರಗಿನದನ್ನು, ಯೆಹೋವನು ನೋಡೋದು ಹೃದಯವನ್ನು. ನಾವು ಎರಡನೇ ಅರ್ಧಕ್ಕೆ ಮಾತ್ರ ಆಮೆನ್ ಅಂತೀವಿ. ಮೊದಲಿನ ಅರ್ಧವೂ ನಿಜ. ಮನುಷ್ಯರು ಹೊರಗಿನದನ್ನು ನೋಡ್ತಾರೆ. ನಿನ್ನ ಪಕ್ಕ ಕೂತವನು ನಿನ್ನ ಹೃದಯ ಓದಲಾರ, ಬಟ್ಟೆ ಓದುತ್ತಾನೆ. ಆದ್ದರಿಂದ ದೇವರ ಮುಂದೆ ಬಣ್ಣಕ್ಕೆ ಬೆಲೆ ಇಲ್ಲದಿದ್ದರೂ ನೆರೆಯವನ ಮುಂದೆ ನಿನ್ನ ಬಣ್ಣ ಏನೋ ಒಂದು ಹೇಳುತ್ತದೆ. ಅದು ಏನು ಹೇಳ್ತದ ಅನ್ನೋದು ಪ್ರೀತಿಯ ಪ್ರಶ್ನೆ.

ಬಿಳಿ ಬಟ್ಟೆಯ ವಿಷಯಕ್ಕೆ ಬರೋಣ. ದಕ್ಷಿಣ ಭಾರತದ ಬಹಳಷ್ಟು ಪೆಂತೆಕೊಸ್ತ್ ಸಭೆಗಳಲ್ಲಿ, ಅದರಲ್ಲೂ ಕೇರಳದ ಸಭೆಗಳಲ್ಲಿ, ಬಿಳಿ ಉಡುಪು, ಒಡವೆ ಇಲ್ಲದ ಕೊರಳು ಅನ್ನೋದು ದೊಡ್ಡ ಸಾಕ್ಷಿಯಾಗಿ ಬಂದಿದೆ. ಅದರಲ್ಲಿ ಒಂದು ಸೌಂದರ್ಯ ಇದೆ, ಅದನ್ನು ನಾನು ಗೌರವಿಸ್ತೀನಿ. ಜಮೀನುದಾರನೂ ಕೂಲಿಯವನೂ ಒಂದೇ ಬಣ್ಣದಲ್ಲಿ ಒಂದೇ ಚಾಪೆ ಮೇಲೆ ಕೂತರೆ ಯಾರು ಯಾರಂತ ಗೊತ್ತಾಗೋದಿಲ್ಲ. ರೇಷ್ಮೆ ಇಲ್ಲ, ಜರಿ ಇಲ್ಲ. ಎಲ್ಲರೂ ಸಮ.

ಆದರೆ ಅದೇ ಬಿಳಿ ನಮ್ಮ ಅಫಜಲಪುರದ ನೆಲಕ್ಕೆ ಬಂದಾಗ ಏನಾಗ್ತದ ಅಂತ ಯೋಚನೆ ಮಾಡ್ರಿ. ನಮ್ಮದು ಎರೆಭೂಮಿ. ಮಳೆ ಬಿದ್ದರೆ ಆ ಕರಿ ಮಣ್ಣು ಚಪ್ಪಲಿಗೆ ಹತ್ತಿ ಚಪ್ಪಲಿಯನ್ನೇ ಕಿತ್ತುಕೊಳ್ತದ. ಸೀರೆಯ ಅಂಚಿಗೆ ಹತ್ತಿದರೆ ಸುಲಭಕ್ಕೆ ಹೋಗೋದಿಲ್ಲ. ತೊಗರಿ ಹೊಲಕ್ಕೆ, ಕಬ್ಬಿನ ಗದ್ದೆಗೆ ಕೂಲಿಗೆ ಹೋಗುವ ನಮ್ಮ ತಾಯಂದಿರು ಕಂದು, ಕಡುಹಸಿರು, ಹೂವಿನ ಚಿತ್ರದ ಸೀರೆ ಉಡೋದು ಫ್ಯಾಷನ್‌ಗೆ ಅಲ್ಲ, ಕಲೆ ಕಾಣಬಾರದು ಅಂತ. ಬಿಳಿ ಬಟ್ಟೆಗೆ ಹೆಚ್ಚು ಸಾಬೂನು ಬೇಕು, ನೀಲಿ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನೀರು ಬೇಕು. ಭೀಮೆ ನಮ್ಮ ತಾಲೂಕಿನಲ್ಲೇ ಹರಿದರೂ ಬೇಸಿಗೆಯಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವ ಮನೆಗಳು ಎಷ್ಟಿವೆ ಅಂತ ನಿಮಗೆ ಗೊತ್ತು. ಮಾರ್ಕ 9:3ರಲ್ಲಿ ಕರ್ತನ ಬಟ್ಟೆ ಹೊಳೆದದ್ದನ್ನು ಹೇಳುವಾಗ ಲೋಕದ ಯಾವ ಅಗಸನೂ ಅಷ್ಟು ಬೆಳ್ಳಗೆ ಮಾಡಲಾರ ಎಂಬ ಮಾತು ಬರುತ್ತದೆ. ಬಟ್ಟೆ ಬೆಳ್ಳಗೆ ಮಾಡುವುದು ಎಷ್ಟು ಕಷ್ಟ ಅಂತ ಆ ಕಾಲದವರಿಗೂ ಗೊತ್ತಿತ್ತು.

ಸಮಾನತೆಗಾಗಿ ಬಂದ ಬಿಳಿ, ನೀರಿಲ್ಲದ ಮನೆಯ ಹೆಂಗಸಿಗೆ ದುಬಾರಿ ಬಣ್ಣ ಆಗಿಬಿಡ್ತದ. ಅವಳ ಹತ್ತಿರ ಇರೋ ಒಳ್ಳೆಯ ಸೀರೆ ಒಂದೇ, ಅದು ಗುಲಾಬಿ. ಭಾನುವಾರ ಬಾಗಿಲ ತನಕ ಬರ್ತಾಳೆ, ಒಳಗೆಲ್ಲ ಬಿಳಿ ನೋಡಿ ಹಿಂದೆ ಸರಿಯುತ್ತಾಳೆ. ಯಾಕೋಬ 2ರಲ್ಲಿ ಹೊಳೆಯುವ ಬಟ್ಟೆಯವನಿಗೆ ಮುಂದಿನ ಪೀಠ, ಮಾಸಿದ ಬಟ್ಟೆಯವನಿಗೆ ಕಾಲ ಬಳಿ ಜಾಗ ಅಂತ ಇದೆ. ನಾವು ಯಾರಿಗೂ ಹಿಂದೆ ಹೋಗು ಅಂತ ಬಾಯಿಬಿಟ್ಟು ಹೇಳೋದಿಲ್ಲ. ನಮ್ಮ ಬಣ್ಣ ಹೇಳಿಬಿಡ್ತದ.

ಅದಕ್ಕೆ ತಂಗೀ, ನಿನ್ನ ಪ್ರಶ್ನೆಗೆ ಉತ್ತರ ಇದು. ಬಿಳಿ ಉಡಬೇಕೆಂದು ನಿನ್ನ ಮನಸ್ಸಾಕ್ಷಿ ಹೇಳಿದರೆ ಸಂತೋಷವಾಗಿ ಉಡು. ರೋಮಾ 14:5ರಂತೆ ಅವರವರು ತಮ್ಮ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ. ಆದರೆ ಗುಲಾಬಿ ಸೀರೆಯ ಅಕ್ಕ ಬಾಗಿಲಿಗೆ ಬಂದಾಗ ನಿನ್ನ ಬಿಳಿ ಸೀರೆ ಎದ್ದು ಹೋಗಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಬೇಕು. ಹಾಗೆ ಮಾಡದ ಬಿಳಿ, ಸುಣ್ಣದ ಬಿಳಿ.

ನವರಾತ್ರಿಯ ಪಟ್ಟಿಗೆ ಬರ್ತೀನಿ. ಮಹಾರಾಷ್ಟ್ರದಿಂದ ಶುರುವಾಗಿ ಈಗ ಬೆಂಗಳೂರಿನ ಆಫೀಸುಗಳ ತನಕ ಬಂದಿರುವ ಪದ್ಧತಿ ಇದು. ಒಂಬತ್ತು ದಿನ, ಒಂಬತ್ತು ಬಣ್ಣ, ಎಲ್ಲರೂ ಸೇರಿ ಫೋಟೋ. ಕೆಲವರಿಗೆ ಅದು ಭಕ್ತಿ, ಕೆಲವರಿಗೆ ಬರೀ ಖುಷಿ. 1 ಕೊರಿಂಥ 10:25ರಿಂದ ಪೌಲನು ಮಾಂಸದ ವಿಷಯ ಹೇಳುತ್ತಾನೆ. ಮಾರುಕಟ್ಟೆಯಲ್ಲಿ ಸಿಕ್ಕಿದ್ದನ್ನು ಪ್ರಶ್ನೆ ಕೇಳದೆ ತಿನ್ನಬಹುದು. ಇದು ವಿಗ್ರಹಕ್ಕೆ ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ಅವರ ಮನಸ್ಸಾಕ್ಷಿಗಾಗಿ ಬಿಡಬೇಕು. ಅದೇ ಅಳತೆ ಇಲ್ಲಿ ಇಡು. ನಿನ್ನ ಹಳದಿ ಕುರ್ತಾ ಹಳದಿ ಕುರ್ತಾನೇ. ಆ ದಿನ ಹಳದಿ ಪಟ್ಟಿಯಲ್ಲಿದೆ ಅಂತ ಹೆದರಿ ಅದನ್ನು ಬಚ್ಚಿಡಬೇಕಿಲ್ಲ. ಆದರೆ ಇದು ಪೂಜೆಯ ಭಾಗ, ನೀನೂ ಸೇರು ಅಂತ ಕರೆದರೆ, ಅಥವಾ ನಿನ್ನ ಮನಸ್ಸೇ ಒಪ್ಪದಿದ್ದರೆ, ನಗುಮುಖದಿಂದ ಬೇಡ ಅನ್ನು. ಉಪನ್ಯಾಸ ಮಾಡಬೇಡ. ಅವರ ಹಬ್ಬವನ್ನು ಹೀಯಾಳಿಸಬೇಡ. ಹೆಚ್ಚು ಕೆಲಸ ಇದ್ದರೆ ಆ ಹೊತ್ತು ಅವರ ಪಾಲಿನದ್ದೂ ಮಾಡಿಕೊಡು. ಇನ್ನೊಬ್ಬ ವಿಶ್ವಾಸಿ ಆ ಬಣ್ಣ ಹಾಕಿ ಫೋಟೋದಲ್ಲಿ ನಿಂತರೆ ಸಭೆಯ ಗುಂಪಿನಲ್ಲಿ ಅವಳ ಫೋಟೋ ಹಂಚಿ ನ್ಯಾಯ ಮಾಡಬೇಡ. ಅವಳು ನಿಲ್ಲೋದು ಬೀಳೋದು ಅವಳ ಯಜಮಾನನ ಮುಂದೆ.

3. ಯಾರ ಮೆಚ್ಚುಗೆಗೆ?

ಈಗ ನಗರದ ಮಕ್ಕಳಿಗೆ ಒಂದು ಮಾತು. ಅಪೊಸ್ತಲರ ಕೃತ್ಯಗಳು 16:14ರಲ್ಲಿ ಲುದ್ಯಳೆಂಬ ಹೆಂಗಸು ಇದ್ದಾಳೆ. ಥುವತೈರ ಊರಿನವಳು, ಧೂಮ್ರವರ್ಣದ ವಸ್ತ್ರದ ವ್ಯಾಪಾರಿ. ನಾವು ನೇರಳೆ ಅಂತೀವಲ್ಲ, ಆ ಕಡೆಯ ಬಣ್ಣ. ಆ ಕಾಲದ ಅತಿ ಬೆಲೆಯ ನೇರಳೆ ಸಮುದ್ರದ ಒಂದು ಜಾತಿಯ ಬಸವನಹುಳುವಿನಿಂದ ಬರುತ್ತಿತ್ತು. 1909ರಲ್ಲಿ ಫ್ರೀಡ್‌ಲೆಂಡರ್ ಎಂಬ ರಸಾಯನಶಾಸ್ತ್ರಜ್ಞ ಪರೀಕ್ಷೆ ಮಾಡಿದಾಗ 12,000 ಹುಳುಗಳಿಂದ ಸಿಕ್ಕ ಬಣ್ಣ ಬರೀ 1.4 ಗ್ರಾಂ. ಅದಕ್ಕೇ ಅದು ಅರಸರ ಬಣ್ಣ. ಲೂಕ 16:19ರ ಐಶ್ವರ್ಯವಂತನ ಮೈಮೇಲೂ ಬೆಲೆಬಾಳುವ ಆ ಬಣ್ಣವೇ ಇತ್ತು.

ಈಗ ಇಬ್ಬರನ್ನು ಪಕ್ಕಪಕ್ಕ ಇಡ್ರಿ. ನೇರಳೆ ಉಟ್ಟ ಐಶ್ವರ್ಯವಂತ, ನೇರಳೆ ಮಾರಿದ ಲುದ್ಯ. ಅವನ ಬಾಗಿಲಲ್ಲಿ ಲಾಜರನು ಹುಣ್ಣು ತುಂಬಿ ಬಿದ್ದಿದ್ದ, ಬಾಗಿಲು ತೆರೆಯಲಿಲ್ಲ. ಅವಳು ವಾಕ್ಯ ಕೇಳಿ ದೀಕ್ಷಾಸ್ನಾನ ಹೊಂದಿ ಮೊದಲು ಮಾಡಿದ ಕೆಲಸ ಪೌಲನಿಗೂ ಜೊತೆಯವರಿಗೂ ಮನೆಯ ಬಾಗಿಲು ತೆರೆದದ್ದು. ಬಣ್ಣ ಒಂದೇ, ಬಾಗಿಲು ಬೇರೆ. ಕರ್ತನು ತೀರ್ಪು ಮಾಡೋದು ಬಾಗಿಲು ನೋಡಿ.

1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಅನ್ನೋ 18 ವರ್ಷದ ಹುಡುಗ, ನಿಮ್ಮ ವಯಸ್ಸಿನವನು, ಮಲೇರಿಯಾದ ಔಷಧಿ ಕ್ವಿನೈನ್ ತಯಾರಿಸಲಿಕ್ಕೆ ಹೋಗಿ ಕಲ್ಲಿದ್ದಲ ಡಾಂಬರಿನ ಪದಾರ್ಥದಿಂದ ಆಕಸ್ಮಿಕವಾಗಿ ನೇರಳೆ ಬಣ್ಣ ಮಾಡಿಬಿಟ್ಟ. ಅಲ್ಲಿಂದ ಬಣ್ಣಗಳು ಅಗ್ಗವಾದವು. ಒಂದು ಕಾಲಕ್ಕೆ ಅರಸರು ಮಾತ್ರ ಹಾಕುತ್ತಿದ್ದ ಬಣ್ಣ ಈಗ ಕಲಬುರಗಿಯ ಸೂಪರ್ ಮಾರ್ಕೆಟ್ ರಸ್ತೆಬದಿಯಲ್ಲಿ ಗುಡ್ಡೆ ಹಾಕಿ ಮಾರ್ತಾರೆ. ಬಣ್ಣ ಅಗ್ಗ ಆಯ್ತು, ನಮ್ಮ ಹೃದಯದ ಐಶ್ವರ್ಯವಂತ ಮಾತ್ರ ಸಾಯಲಿಲ್ಲ. ಬಣ್ಣ ಹೋಗಿ ಈಗ ಎದೆಮೇಲಿನ ಬ್ರಾಂಡ್ ಗುರುತು ಬಂತು. ಒಂದು ಫೋಟೋಗೆ ಹಾಕಿದ ಬಣ್ಣ ಇನ್ನೊಂದು ಫೋಟೋದಲ್ಲಿ ಬರಬಾರದು ಅಂತ ಕಂತಿನಲ್ಲಿ ಬಟ್ಟೆ ಕೊಳ್ಳುವ ವಿಶ್ವಾಸಿಗಳಿದ್ದಾರೆ. ಇದ್ದದ್ದನ್ನೇ ಮತ್ತೆ ಹಾಕೋದು ನಾಚಿಕೆ ಅಲ್ಲ ಮಕ್ಕಳೇ, ಸಾಲ ತೀರಿಸದಿರೋದು ನಾಚಿಕೆ.

ಇನ್ನೊಂದು ಗಾಯ ಇದೆ. ನಮ್ಮ ಹೆಣ್ಣುಮಕ್ಕಳಿಗೆ ಮನೆಯಲ್ಲೇ ಮಾಡೋ ಗಾಯ. ನೀ ಕಪ್ಪಗಿದ್ದಿ, ನಿನಗ ಹಳದಿ ಒಪ್ಪಂಗಿಲ್ಲ, ಕೆಂಪು ಒಪ್ಪಂಗಿಲ್ಲ, ತಿಳಿ ಬಣ್ಣ ತಗೋ. ಹೌದಿಲ್ಲ? ಬಟ್ಟೆ ಅಂಗಡಿಯಲ್ಲಿ ನಿಂತು ಹತ್ತು ಜನರ ಮುಂದೆ ಹೇಳ್ತಾರೆ. ಪರಮಗೀತ 1:5–6 ತೆಗೆದು ನೋಡ್ರಿ. ಅಲ್ಲಿ ಬಿಸಿಲಿಗೆ ಕಪ್ಪಾದ ಒಬ್ಬ ಹುಡುಗಿ ಮಾತಾಡ್ತಾಳೆ. ಅಣ್ಣಂದಿರು ತೋಟ ಕಾಯಲಿಕ್ಕೆ ಹಚ್ಚಿದರು, ಸೂರ್ಯ ಸುಟ್ಟ. ನಮ್ಮ ಹೊಲದ ಹುಡುಗಿ ಕಂಡಂಗ ಕಾಣ್ತಾಳೆ! ಅವಳು ನಾನು ಚೆಲುವೆ ಅಂತ ತಲೆ ಎತ್ತಿ ಹೇಳ್ತಾಳೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಜಿಲ್ಲೆಯಲ್ಲಿ ನಿನ್ನನ್ನು ಹುಟ್ಟಿಸಿದ ದೇವರು ನಿನ್ನ ಚರ್ಮವನ್ನು ಯೋಚನೆ ಮಾಡಿಯೇ ಕೊಟ್ಟಿದ್ದಾನೆ. ಹಳದಿ ಇಷ್ಟವಾ? ಹಳದಿ ತಗೋ ತಂಗಿ. ಅಣ್ಣತಮ್ಮಂದಿರೇ, ಅಂಗಡಿಯಲ್ಲಿ ಅಂಥ ಮಾತು ಬಂದರೆ ಸುಮ್ಮನಿರಬೇಡಿ, ನಿನಗೆ ಚೆಂದ ಕಾಣ್ತದ ಅಂತ ಗಟ್ಟಿಯಾಗಿ ಹೇಳ್ರಿ.

ಮತ್ತೆ ಒಂದು ನೆನಪಿರಲಿ: ಬಣ್ಣ ಆರಿಸಿಕೊಳ್ಳೋದೇ ಒಂದು ಅನುಕೂಲ. ಅದು ಇಲ್ಲದವರಿದ್ದಾರೆ. ನಿನ್ನನ್ನು ಕಲಬುರಗಿಯಿಂದ ಇಲ್ಲಿಗೆ ತಂದ ಬಸ್ಸಿನ ಚಾಲಕ ಬೆಳಗ್ಗೆ ಕಪಾಟಿನ ಮುಂದೆ ನಿಂತು ಯಾವ ಬಣ್ಣ ಅಂತ ಯೋಚಿಸೋದಿಲ್ಲ. ಅವನದು ಖಾಕಿ. 1850ರ ದಶಕದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬ ಮಿಷನರಿ ಖಾಕಿ ಬಟ್ಟೆ ತಯಾರಿಸಿದ್ದು ನಮ್ಮ ಕರ್ನಾಟಕದ ಸಭೆಯ ಚರಿತ್ರೆಯಲ್ಲೇ ಇದೆ. ಖಾಕ್ ಅಂದರೆ ಏನಂತ ಕಲಬುರಗಿಯವರಿಗೆ ಹೇಳಬೇಕಿಲ್ಲ: ಧೂಳು, ಮಣ್ಣು. ಆದಿಕಾಂಡ 3:19ರ ಪ್ರಕಾರ ನಮ್ಮೆಲ್ಲರ ಬಣ್ಣವೂ ಕೊನೆಗೆ ಅದೇ. ಖಾಕಿ ಹಾಕಿದವರನ್ನು ನೋಡಿದಾಗ ಬಟ್ಟೆ ಮಾತ್ರ ಕಾಣ್ತದಾ, ಒಳಗಿನ ಮನುಷ್ಯ ಕಾಣ್ತಾನಾ? ಇಳಿಯುವಾಗ ಒಂದು ವಂದನೆ ಹೇಳಿ ಇಳೀರಿ.

4. ಅವ್ವಗ ಯಾವ ಬಣ್ಣದ ಸೀರೆ?

ಈಗ ಆ ಹುಡುಗನ ಪ್ರಶ್ನೆ. ಗಂಡನನ್ನು ಕಳೆದುಕೊಂಡ ತಾಯಿಗೆ ಯಾವ ಬಣ್ಣ?

ನಮ್ಮ ಕಡೆ ಏನಾಗ್ತದ ಅಂತ ಎಲ್ಲರಿಗೂ ಗೊತ್ತು. ಗಂಡ ಹೋದ ದಿನ ಹಸಿರು ಬಳೆ ಒಡೀತಾರೆ. ಟ್ರಂಕಿನಲ್ಲಿದ್ದ ದಾಳಿಂಬೆ ಬಣ್ಣದ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ ಸೊಸೆಗೋ ತಂಗಿಗೋ ಹೋಗ್ತದ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಅವಳೇ ಮಾಸಲು ಬಣ್ಣಕ್ಕೆ ಇಳೀತಾಳೆ. ಮದುವೆ ಮನೆಯಲ್ಲಿ ಹಿಂದೆ ನಿಲ್ತಾಳೆ. ಯೇಸುವನ್ನು ನಂಬಿದ ಮನೆಗಳಲ್ಲೂ ಇದು ಪೂರ್ತಿ ಹೋಗಿಲ್ಲ. ದೀಕ್ಷಾಸ್ನಾನದ ನೀರಿನಲ್ಲಿ ನಾವು ಬಹಳ ಬಿಟ್ಟು ಬಂದೆವು, ಇದನ್ನು ಮಾತ್ರ ಒದ್ದೆ ಬಟ್ಟೆಯ ಜೊತೆ ಹೊತ್ತು ಬಂದೆವು. ನಮ್ಮ ಹುಡುಗಿಯರು ಮದುವೆಗೆ ಬಿಳಿ ಸೀರೆ ಉಟ್ಟಾಗ ನೆಂಟರಲ್ಲಿ ಯಾರೋ ಒಬ್ಬ ಅಜ್ಜಿ ಮದುವಿ ದಿನಾನೇ ಬಿಳಿ ಸೀರಿ ಯಾಕವ್ವ ಅಂತ ಕಣ್ಣೀರು ಹಾಕ್ತಾಳೆ. ನಾವು ಅವಳಿಗೆ ಬಿಳಿ ಅಂದರೆ ಸಂತೋಷ ಅಂತ ವಿವರಿಸ್ತೀವಿ. ಅದೇ ಬಾಯಿಂದ ನಮ್ಮ ಸಭೆಯ ವಿಧವೆಗೆ, ಈ ವಯಸ್ಸಿಗೆ ನಿನಗ್ಯಾಕ ಕೆಂಪು ಅಂತೀವಿ. ಇದು ನ್ಯಾಯವಾ?

ವಾಕ್ಯ ಏನು ಹೇಳ್ತದ? 1 ತಿಮೊಥೆ 5:3ರಲ್ಲಿ ವಿಧವೆಯರನ್ನು ಗೌರವಿಸಬೇಕು ಅಂತ ಅಪ್ಪಣೆ. ಬಣ್ಣ ಕಸಿಯಬೇಕು ಅಂತ ಅರವತ್ತಾರು ಪುಸ್ತಕಗಳಲ್ಲಿ ಎಲ್ಲಿಯೂ ಇಲ್ಲ. ಮತ್ತೆ ಅಪೊಸ್ತಲರ ಕೃತ್ಯಗಳು 9:39. ಯೊಪ್ಪದಲ್ಲಿ ತಬಿಥಾ ಸತ್ತಿದ್ದಾಳೆ. ಪೇತ್ರನು ಮೇಲಂತಸ್ತಿಗೆ ಹತ್ತಿ ಬಂದಾಗ ಸುತ್ತ ನಿಂತವರು ಯಾರು? ವಿಧವೆಯರು. ಅವರು ಅಳುತ್ತಾ ಏನು ತೋರಿಸಿದರು? ಬಟ್ಟೆ! ನೋಡ್ರಿ, ಇದನ್ನು ನಮಗಾಗಿ ಅವಳು ಹೊಲಿದಳು ಅಂತ ಒಳಂಗಿ ಮೇಲಂಗಿ ತೋರಿಸಿದರು. ಒಬ್ಬ ಶಿಷ್ಯೆಯ ಸಾಕ್ಷಿ ವಿಧವೆಯರ ಮೈಮೇಲಿನ ಬಟ್ಟೆಯಾಗಿತ್ತು. ಅವಳು ಅವರ ದೇಹದ ಅಳತೆ ತೆಗೆದಿದ್ದಳು, ಅವರನ್ನು ಹತ್ತಿರದಿಂದ ನೋಡಿದ್ದಳು. ಕರ್ತನು ಆ ತಬಿಥಾಳನ್ನು ಎಬ್ಬಿಸಿ ಆ ವಿಧವೆಯರಿಗೇ ತಿರುಗಿ ಕೊಟ್ಟನು. ಹಲ್ಲೆಲೂಯ!

ಆದ್ದರಿಂದ ತಮ್ಮಾ, ನಾನು ನಿನಗೆ ಬಣ್ಣ ಹೇಳೋದಿಲ್ಲ. ಅವ್ವನನ್ನು ಕೇಳು. ಅವ್ವಾ, ನಿನಗ ಯಾವ ಬಣ್ಣ ಇಷ್ಟ? ಈ ಪ್ರಶ್ನೆ ಅವಳಿಗೆ ಎಷ್ಟು ವರ್ಷದಿಂದ ಯಾರೂ ಕೇಳಿಲ್ಲವೋ. ಮೊದಲು ನನಗ್ಯಾಕ ಬಿಡು ಅಂತಾಳೆ. ಎರಡನೇ ಸಲ ಕೇಳು. ಅಂಗಡಿಗೆ ಕರ್ಕೊಂಡು ಹೋಗು. ಅವಳ ಕೈ ಯಾವ ಸೀರೆಯ ಮೇಲೆ ಒಂದು ನಿಮಿಷ ಹೆಚ್ಚು ನಿಲ್ತದೋ ಅದನ್ನು ನೋಡು. ಅದು ಹಸಿರು ಆಗಿರಬಹುದು, ಬೂದು ಆಗಿರಬಹುದು. ಅವಳಿಗೆ ಸಾದಾ ಬಣ್ಣವೇ ನೆಮ್ಮದಿ ಅಂದರೆ ಅದನ್ನೂ ಗೌರವಿಸು. ಬಣ್ಣ ಬಿಡು ಅಂತ ಒತ್ತಾಯ ಮಾಡೋದು ತಪ್ಪಾದರೆ ಬಣ್ಣ ಉಡು ಅಂತ ಒತ್ತಾಯ ಮಾಡೋದೂ ಪ್ರೀತಿಯಲ್ಲ.

ಇಲ್ಲಿ ಒಂದು ಕಷ್ಟ ಇದೆ, ಮುಚ್ಚಿಡೋದಿಲ್ಲ. ನೀನು ಸೀರೆ ಕೊಟ್ಟು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗ್ತೀಯ. ಮರುದಿನ ಆ ಸೀರೆ ಉಟ್ಟು ಓಣಿಯಲ್ಲಿ ನೀರಿಗೆ ಹೋಗಬೇಕಾದವಳು ಅವಳು. ನಾಲ್ಕು ಜನ ನಾಲ್ಕು ಮಾತಾಡ್ತಾರೆ. ಆ ಮಾತನ್ನು ಅವಳು ಒಬ್ಬಳೇ ಕೇಳಬೇಕಾ? ಅದಕ್ಕೆ ಸಭೆ ಇರೋದು. ಅಕ್ಕಂದಿರೇ, ತಾಯಂದಿರೇ, ನಿಮಗೆ ಹೇಳ್ತಿದ್ದೀನಿ. ಮುಂದಿನ ಭಾನುವಾರ ಆ ತಾಯಿ ಬಣ್ಣದ ಸೀರೆ ಉಟ್ಟು ಬಂದರೆ ಒಬ್ಬರೂ ಹುಬ್ಬು ಏರಿಸಬಾರದು. ಅವಳ ಪಕ್ಕ ಕೂರ್ರಿ. ಮದುವೆಗೆ ಹೋಗುವಾಗ ಅವಳನ್ನು ಮುಂದಿನ ಸಾಲಿಗೆ ಕರ್ಕೊಂಡು ಹೋಗ್ರಿ. ಓಣಿಯಲ್ಲಿ ಮಾತು ಬಂದರೆ ಅವಳ ಪರವಾಗಿ ನೀವು ಒಂದು ಮಾತಾಡ್ರಿ. ಇಳಕಲ್ ನೇಕಾರರು ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸ್ತಾರೆ. ಒಡಲು ಒಂದು ಬಣ್ಣ, ಸೆರಗು ಇನ್ನೊಂದು ಬಣ್ಣ, ಆದರೆ ಜೋಡಣೆ ಬಿಚ್ಚೋದಿಲ್ಲ. ಸಭೆ ಅಂದರೆ ಆ ಕೊಂಡಿ.

5. ಕೆಂಪಿನಲ್ಲಿ ತೊಳೆದ ಬಿಳಿ

ಮುಗಿಸ್ತೀನಿ. ಮನೆಯಲ್ಲಿ ಬಟ್ಟೆ ಒಗೆಯುವವರಿಗೆ ಒಂದು ಪ್ರಶ್ನೆ. ಹಾಸ್ಟೆಲ್ ಹುಡುಗರಿಗೂ ಇದು ಗೊತ್ತು. ಬಕೀಟಿನಲ್ಲಿ ಬಿಳಿ ಬಟ್ಟೆಗಳ ಜೊತೆ ಒಂದು ಹೊಸ ಕೆಂಪು ಬಟ್ಟೆ ಬಿದ್ದರೆ ಏನಾಗ್ತದ? ಎಲ್ಲಾ ಗುಲಾಬಿ! ಕೆಂಪು ಬಿಳಿಯನ್ನು ಕೆಡಿಸ್ತದ. ಅದು ನಮ್ಮ ಬಕೀಟಿನ ನಿಯಮ.

ಮತ್ತಾಯ 27:28ರಲ್ಲಿ ಸಿಪಾಯಿಗಳು ನಮ್ಮ ಕರ್ತನಿಗೆ ಕೆಂಪು ನಿಲುವಂಗಿ ಹೊದಿಸಿದರು. ಅರಸನ ಬಣ್ಣ ಕೊಟ್ಟು ಅಣಕಿಸಿದರು. ಆಮೇಲೆ ಅದನ್ನೂ ಕಿತ್ತುಕೊಂಡರು. ಯೋಹಾನ 19ರಲ್ಲಿ ಅವನ ಸ್ವಂತ ಬಟ್ಟೆಗಳನ್ನು ಹಂಚಿಕೊಂಡು ಅಂಗಿಗೆ ಚೀಟು ಹಾಕಿದರು. ಬಟ್ಟೆಯಿಂದ ಅವಮಾನ ಅನುಭವಿಸಿದವರೇ, ನಿಮ್ಮ ಕರ್ತನಿಗೆ ಅದು ಗೊತ್ತು. ಬಣ್ಣ ಕೊಟ್ಟು ನಕ್ಕದ್ದೂ ಗೊತ್ತು, ಬಣ್ಣ ಕಿತ್ತುಕೊಂಡದ್ದೂ ಗೊತ್ತು.

ಪ್ರಕಟನೆ 7:14ರಲ್ಲಿ ನಮ್ಮ ಬಕೀಟಿನ ನಿಯಮ ತಲೆಕೆಳಗಾಗ್ತದ. ಅಲ್ಲಿ ನಿಂತವರ ನಿಲುವಂಗಿಗಳು ಕುರಿಮರಿಯ ರಕ್ತದಲ್ಲಿ ತೊಳೆದು ಬೆಳ್ಳಗಾದವು. ಕೆಂಪಿನಲ್ಲಿ ಅದ್ದಿದ್ದು ಬಿಳಿಯಾಗಿ ಬಂತು! ಯಾವ ಬಣ್ಣಗಾರ ಮಾಡ್ತಾನೆ ಇದನ್ನು? ಯಾವ ಅಗಸ ಮಾಡ್ತಾನೆ? ಜೆಕರ್ಯ 3ರಲ್ಲಿ ಮಹಾಯಾಜಕ ಯೆಹೋಶುವನು ಮಲಿನ ಬಟ್ಟೆಯಲ್ಲಿ ನಿಂತಿದ್ದಾನೆ. ಅವನು ತಾನೇ ತೊಳೆದುಕೊಂಡು ಬರಲಿಲ್ಲ, ಕರ್ತನೇ ತೆಗೆಸಿ ಹೊಸದನ್ನು ಉಡಿಸಿದನು. ಗಲಾತ್ಯ 3:27ರಂತೆ ದೀಕ್ಷಾಸ್ನಾನ ಹೊಂದಿದ ನೀನು ಕ್ರಿಸ್ತನನ್ನೇ ಧರಿಸಿಕೊಂಡಿದ್ದೀ. ಆ ಉಡುಪಿನ ಮೇಲೆ ನಾಳೆ ಹಸಿರು ಹಾಕಿದರೂ, ನೀಲಿ ಹಾಕಿದರೂ, ಕಪ್ಪು ಹಾಕಿದರೂ ಅದು ಕಾಣಬೇಕು.

ಹಾಗಾಗಿ ನಾಳೆ ಬೆಳಗ್ಗೆ ಬಟ್ಟೆ ತೆಗೆಯುವಾಗ ಮೂರು ಪ್ರಶ್ನೆ ಕೇಳ್ರಿ, ಅರ್ಧ ನಿಮಿಷ ಸಾಕು. ಭಯದಿಂದ ಆರಿಸುತ್ತಿದ್ದೀನಾ? ಯಾರನ್ನಾದರೂ ಕೆಳಗೆ ಮಾಡಲಿಕ್ಕೆ ಆರಿಸುತ್ತಿದ್ದೀನಾ? ನನಗಿರುವ ಈ ಸ್ವಾತಂತ್ರ್ಯ ನನ್ನ ಮನೆಯಲ್ಲಿ, ನನ್ನ ಓಣಿಯಲ್ಲಿ ಯಾರಿಗೆ ಇನ್ನೂ ಸಿಕ್ಕಿಲ್ಲ? ಮೂರನೆಯದಕ್ಕೆ ಒಂದು ಹೆಸರು ನೆನಪಾದರೆ ಬಟ್ಟೆ ಹಾಕಿಕೊಂಡ ಮೇಲೆ ಆ ಹೆಸರಿಗೆ ಒಂದು ಫೋನ್ ಮಾಡ್ರಿ.

ಎಲ್ಲರೂ ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ.

ಪ್ರೀತಿಯುಳ್ಳ ತಂದೆಯೇ, ನಿನಗೆ ಸ್ತೋತ್ರ. ಹೊಲದ ಹೂವಿಗೆ ಬಣ್ಣ ಉಡಿಸಿದವನು ನೀನೇ, ನಮ್ಮ ಚರ್ಮಕ್ಕೆ ಬಣ್ಣ ಕೊಟ್ಟವನು ನೀನೇ. ದಿನಕ್ಕೆ, ಗ್ರಹಕ್ಕೆ, ಜನರ ಮಾತಿಗೆ ಹೆದರಿ ಬಟ್ಟೆ ಆರಿಸುವ ಭಯದಿಂದ ನಮ್ಮ ಯೌವನಸ್ಥರನ್ನು ಬಿಡಿಸು. ಒಂದೇ ಒಳ್ಳೆಯ ಸೀರೆ ಇರುವ ತಾಯಿಗೆ ನಿನ್ನ ಮನೆಯಲ್ಲಿ ಮುಂದಿನ ಜಾಗ ಸಿಗಲಿ. ನಮ್ಮ ವಿಧವೆ ತಾಯಂದಿರನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ ಕರ್ತನೇ. ಅವರ ಮುಖದ ಬಣ್ಣ ತಿರುಗಿ ಬರಲಿ, ಅವರ ಪಕ್ಕ ನಿಲ್ಲುವ ಧೈರ್ಯವನ್ನು ನಮಗೆ ಕೊಡು. ಮೊದಲ ಸಂಬಳ ಹಿಡಿದು ಮನೆಗೆ ಹೋಗುವ ಮಕ್ಕಳ ಕೈಯನ್ನು ಆಶೀರ್ವದಿಸು. ನಮ್ಮ ಪಾಪಗಳನ್ನು ನಿನ್ನ ಕುಮಾರನ ರಕ್ತದಲ್ಲಿ ತೊಳೆದು ನಮ್ಮನ್ನು ಶುದ್ಧ ಮಾಡು. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ನಮ್ಮ ಜೀವವುಳ್ಳ ತಂದೆಯೇ. ಆಮೆನ್, ಆಮೆನ್.